ಮನೆಯ ನಾಸ್ ಹೊರಗಿನಿಂದ ಸಿಗಬೇಕೇ? ರೌಟರ್‌ನಲ್ಲಿ ಪೋರ್ಟ್ ತೆರೆಯಬೇಡಿ

ಕಲಬುರಗಿಯಲ್ಲಿ ಈಗ ಮನೆಗಳಲ್ಲೂ ನಾಸ್ ಕಾಣಿಸುತ್ತಿದೆ. ನಾಸ್ ಅಂದರೆ ನೆಟ್‌ವರ್ಕ್‌ಗೆ ಜೋಡಿಸಿದ ಹಾರ್ಡ್ ಡಿಸ್ಕ್ ಪೆಟ್ಟಿಗೆ. ಒಳಗೆ ಎರಡೋ ನಾಲ್ಕೋ ಡಿಸ್ಕ್, ಹಿಂದೆ ಒಂದು ಲ್ಯಾನ್ ಕೇಬಲ್. ಮದುವೆ ಫೋಟೊ, ವಿಡಿಯೊ ಮಾಡುವವರಿಗೆ ಇದು ಬೇಕೇ ಬೇಕು. ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿರುವ ಮನೆಗಳಲ್ಲಿ ಹಳೇ ಫೋಟೊ, ಜಮೀನಿನ ಕಾಗದಪತ್ರ ಎಲ್ಲ ಸ್ಕ್ಯಾನ್ ಮಾಡಿ ಇದರಲ್ಲೇ ತುಂಬಿಟ್ಟಿರುತ್ತಾರೆ. ತಂದು ಸ್ವಲ್ಪ ದಿನಕ್ಕೆ ನನಗೆ ಫೋನ್ ಬರುತ್ತದೆ. ಮಾತು ಹೆಚ್ಚುಕಮ್ಮಿ ಒಂದೇ: "ಸರ್, ಮನ್ಯಾಗಿದ್ರ ಎಲ್ಲಾ ಛಂದ ಬರ್ತದ. ಹೊರಗ ಹೋದ್ರ ಏನೂ ಬರಂಗಿಲ್ರಿ."

ಇಂಟರ್ನೆಟ್‌ನಲ್ಲಿ ಹುಡುಕಿದರೆ ಉತ್ತರ ತಟ್ಟನೆ ಸಿಗುತ್ತದೆ: ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿ. ಪೋರ್ಟ್ ಅಂದರೆ ನಂಬರ್ ಹಾಕಿದ ಒಂದು ಬಾಗಿಲು ಇದ್ದ ಹಾಗೆ. ಹೊರಗಿನಿಂದ ಆ ಬಾಗಿಲಿಗೆ ಬಂದವರನ್ನು ನೇರ ನಾಸ್‌ಗೆ ಕಳಿಸು ಅಂತ ರೌಟರ್‌ಗೆ ಹೇಳಿಡುವುದೇ ಫಾರ್ವರ್ಡಿಂಗ್. ನಾನು ಅದನ್ನು ಮಾಡಿಕೊಡುವುದಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು, ಎಷ್ಟೋ ಮನೆಗಳಲ್ಲಿ ಅದನ್ನು ಮಾಡಿದರೂ ಯಾಕೆ ಕೆಲಸ ಮಾಡುವುದಿಲ್ಲ ಅನ್ನೋದನ್ನು ನೋಡೋಣ.

ಬ್ರೌಸರ್‌ನಲ್ಲಿ 192.168.1.1 ಹಾಕಿ ರೌಟರ್‌ನ ಪುಟ ತೆರೆಯಿರಿ. ಕೆಲವು ರೌಟರ್‌ಗಳಲ್ಲಿ ಈ ನಂಬರ್ ಬೇರೆ ಇರುತ್ತದೆ, ರೌಟರ್‌ನ ಕೆಳಗೆ ಅಂಟಿಸಿದ ಚೀಟಿ ನೋಡಿ. ಅಲ್ಲಿ ಸ್ಟೇಟಸ್ ಪುಟದಲ್ಲಿ ಡಬ್ಲ್ಯುಎಎನ್ (WAN) ಐಪಿ ಅಂತ ಒಂದು ನಂಬರ್ ಇರುತ್ತದೆ, ಅಂದರೆ ಇಂಟರ್ನೆಟ್ ಕಂಪನಿ ನಿಮ್ಮ ರೌಟರ್‌ಗೆ ಕೊಟ್ಟ ವಿಳಾಸ. ಅದನ್ನು ಬರೆದುಕೊಳ್ಳಿ. ಈಗ ಗೂಗಲ್‌ನಲ್ಲಿ 'ನನ್ನ ಐಪಿ ಯಾವುದು' ಅಂತ ಹುಡುಕಿ, ಐಪಿ ತೋರಿಸುವ ಯಾವುದಾದರೂ ಸೈಟ್ ತೆರೆದು ಅಲ್ಲಿ ಬರುವ ನಂಬರ್ ನೋಡಿ. ಎರಡೂ ಒಂದೇ ಆಗಿದ್ದರೆ ನಿಮಗೆ ಸ್ವಂತ ಪಬ್ಲಿಕ್ ಐಪಿ ಇದೆ. ಬೇರೆ ಬೇರೆ ಇದ್ದು, ರೌಟರ್‌ನಲ್ಲಿರುವ ನಂಬರ್ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ, ಅಂದರೆ ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳಿಗೆ ಹಂಚಿದೆ. ಈ ನಂಬರ್‌ಗಳನ್ನು ಇದೇ ಕೆಲಸಕ್ಕೆ ಅಂತ 2012ರಲ್ಲಿ ಮೀಸಲಿಟ್ಟರು. ಕೆಲವು ಕಂಪನಿಯವರು 10ರಿಂದ ಶುರುವಾಗುವ ನಂಬರ್ ಕೊಡುತ್ತಾರೆ. ಅದೂ ಹಾಗೆಯೇ.

ಇದು ಹಳೇ ವಾಡೆಯ ಹಾಗೆ. ಒಳಗೆ ಹತ್ತು ಬಾಡಿಗೆ ಮನೆ, ಹೊರಬಾಗಿಲಿಗೆ ಒಂದೇ ನಂಬರ್. ಒಳಗಿನವರು ಹೊರಗೆ ಹೋಗಿ ಬರಬಹುದು. ಹೊರಗಿನಿಂದ ಹೊಸಬರು ಬಂದರೆ ಯಾರ ಮನೆಗೆ ಬಂದಿದ್ದಾರೆ ಅಂತ ಬಾಗಿಲಲ್ಲಿ ಗೊತ್ತಾಗುವುದಿಲ್ಲ. ಐಪಿವಿ4, ಅಂದರೆ ಈ ಐಪಿ ನಂಬರ್‌ಗಳ ಹಳೇ ಪದ್ಧತಿಯಲ್ಲಿ ಇರುವುದೇ ಸುಮಾರು 430 ಕೋಟಿ ನಂಬರ್. ಎಲ್ಲರಿಗೂ ಸಾಲದು. ಹಾಗಾಗಿ ಫೈಬರ್ ಕಂಪನಿಗಳು ನೂರಾರು ಮನೆಗೆ ಒಂದೇ ನಂಬರ್ ಹಂಚುತ್ತವೆ. ನಿಮ್ಮ ರೌಟರ್‌ನಲ್ಲಿ ನೀವು ಎಷ್ಟು ಪೋರ್ಟ್ ತೆರೆದರೂ ಕಂಪನಿಯ ದೊಡ್ಡ ರೌಟರ್‌ನಲ್ಲಿ ತೆರೆದಿರುವುದಿಲ್ಲ. ಇದು ಗೊತ್ತಿಲ್ಲದೆ ರಾತ್ರಿಯೆಲ್ಲ ರೌಟರ್ ಮುಂದೆ ಕೂತವರನ್ನು ನೋಡಿದ್ದೇನೆ. ಕೆಲವರು ಆ ಬೇಜಾರಿನಲ್ಲಿ ಹೊಸ ರೌಟರ್ ತಂದುಬಿಡುತ್ತಾರೆ. ಸುಮ್ನೆ ದುಡ್ಡು ದಂಡ.

ತಿಂಗಳಿಗೆ ಇಷ್ಟು ಅಂತ ಜಾಸ್ತಿ ಕಟ್ಟಿದರೆ ಕೆಲವು ಕಂಪನಿಗಳು ಸ್ಟಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ಪಬ್ಲಿಕ್ ಐಪಿ ಕೊಡುತ್ತವೆ. ಆಗ ಪೋರ್ಟ್ ಫಾರ್ವರ್ಡಿಂಗ್ ನಡೆಯುತ್ತದೆ. ನನಗೆ ಭಯ ಇರುವುದೇ ಅಲ್ಲಿ.

2013ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಝಡ್‌ಮ್ಯಾಪ್ ಅನ್ನೋ ಪ್ರೋಗ್ರಾಂ ಬರೆದರು. ಒಂದೇ ಕಂಪ್ಯೂಟರಿನಿಂದ, ಇಡೀ ಐಪಿವಿ4 ಇಂಟರ್ನೆಟ್‌ನಲ್ಲಿ ಯಾವ ಯಾವ ಮನೆಯಲ್ಲಿ ಒಂದು ಪೋರ್ಟ್ ತೆರೆದಿದೆ ಅಂತ ಸುಮಾರು 45 ನಿಮಿಷದಲ್ಲಿ ಅದು ಹೇಳುತ್ತಿತ್ತು. ಅಂದಮೇಲೆ "ನನ್ನ ಮನೆ ಯಾರಿಗೆ ಗೊತ್ತು?" ಅನ್ನೋ ಮಾತು ಇಲ್ಲಿ ನಡೆಯುವುದಿಲ್ಲ. ಕದಿಯುವವರು ನಿಮ್ಮ ಹೆಸರು ಹುಡುಕುವುದಿಲ್ಲ, ತೆರೆದ ಪೋರ್ಟ್ ಹುಡುಕುತ್ತಾರೆ. ಸಿನಾಲಜಿ ಕಂಪನಿಯ ನಾಸ್ ಬಳಸುವ 5000, 5001 ಪೋರ್ಟ್‌ಗಳು ಎಲ್ಲರಿಗೂ ಗೊತ್ತಿರುವಂಥವು. ಫೈಲ್ ಹಂಚಿಕೊಳ್ಳಲು ಬಳಸುವ 445 ತೆರೆಯುವುದಂತೂ ಇನ್ನೂ ಕೆಟ್ಟದ್ದು. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಊರೂರು ಹರಡಿದ್ದು ಅದೇ ದಾರಿಯಲ್ಲಿ.

ಪಾಸ್‌ವರ್ಡ್ ಗಟ್ಟಿಯಾಗಿದ್ದರೆ ಸಾಕು ಅಲ್ವಾ ಅಂತ ಕೇಳುತ್ತಾರೆ. ಸಾಕಾಗುವುದಿಲ್ಲ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನೋ ರ‍್ಯಾನ್ಸಮ್‌ವೇರ್ ಇಂಟರ್ನೆಟ್‌ಗೆ ತೆರೆದಿದ್ದ ಕ್ಯೂನ್ಯಾಪ್ ಕಂಪನಿಯ ನಾಸ್ ಪೆಟ್ಟಿಗೆಗಳಿಗೆ ನುಗ್ಗಿ ಫೈಲ್‌ಗಳಿಗೆಲ್ಲ ಬೀಗ ಹಾಕಿತು. ಬಿಡಿಸಲು 0.03 ಬಿಟ್‌ಕಾಯಿನ್ ಕೇಳಿತು. ಅದಕ್ಕೂ ಮೊದಲು, 2021ರ ಜೂನ್‌ನಲ್ಲಿ, ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಅನ್ನೋ ಡಿಸ್ಕ್ ಪೆಟ್ಟಿಗೆ ಇಟ್ಟುಕೊಂಡಿದ್ದ ಎಷ್ಟೋ ಜನ ಬೆಳಿಗ್ಗೆ ಎದ್ದು ನೋಡಿದರೆ ಡಿಸ್ಕ್ ಖಾಲಿ. ಯಾರೋ ದೂರದಿಂದಲೇ ಫ್ಯಾಕ್ಟರಿ ರಿಸೆಟ್ ಮಾಡಿದ್ದರು. ಆ ಪೆಟ್ಟಿಗೆಗೆ 2015ರ ನಂತರ ಅಪ್‌ಡೇಟೇ ಬಂದಿರಲಿಲ್ಲ. ಎರಡೂ ಕಡೆ ತಪ್ಪು ಇದ್ದದ್ದು ಪೆಟ್ಟಿಗೆಯ ಸಾಫ್ಟ್‌ವೇರ್‌ನಲ್ಲಿ. ಪಾಸ್‌ವರ್ಡ್ ಕೇಳುವ ಮುಂಚೆಯೇ ಒಳಗೆ ಬಂದರೆ ಪಾಸ್‌ವರ್ಡ್ ಏನು ಮಾಡೀತು?

ಹಾಗಾಗಿ ನಾನು ಹಾಕಿಕೊಡುವುದು ಖಾಸಗಿ ಸುರಂಗ, ಅಂದರೆ ವಿಪಿಎನ್. ಮನೆಗಳಿಗೆ ಟೇಲ್‌ಸ್ಕೇಲ್ ಅನ್ನೋ ವಿಪಿಎನ್ ಆ್ಯಪ್ ಸಾಕು. ಒಳಗೆ ಕೆಲಸ ಮಾಡುವುದು ವೈರ್‌ಗಾರ್ಡ್, 2020ರಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೇ, ಅಂದರೆ ಕರ್ನೆಲ್‌ಗೇ ಸೇರಿದ ತಂತ್ರ. ಮನೆಮಂದಿಯ ಬಳಕೆಗೆ ದುಡ್ಡು ಕೊಡಬೇಕಿಲ್ಲ. ಸಿನಾಲಜಿ, ಕ್ಯೂನ್ಯಾಪ್ ಎರಡರ ಆ್ಯಪ್ ಪಟ್ಟಿಯಲ್ಲೂ ಸಿಗುತ್ತದೆ. ಪೆಟ್ಟಿಗೆಯಲ್ಲಿ ಹಾಕಿ ಲಾಗಿನ್ ಆಗಿ. ಮೊಬೈಲ್‌ನಲ್ಲೂ ಹಾಕಿ, ಅದೇ ಅಕೌಂಟಿನಲ್ಲಿ ಲಾಗಿನ್ ಆಗಿ. ರೌಟರ್ ಮುಟ್ಟುವ ಕೆಲಸವೇ ಇಲ್ಲ. ನಿಮ್ಮ ಪೆಟ್ಟಿಗೆಯೇ ಒಳಗಿನಿಂದ ಹೊರಗೆ ಹೋಗಿ ಸಂಪರ್ಕ ಮಾಡುವುದರಿಂದ ಸಿಜಿನ್ಯಾಟ್ ಇದ್ದರೂ ನಡೆಯುತ್ತದೆ. ಹೊರಗಿನವರಿಗೆ ನಿಮ್ಮ ಲಾಗಿನ್ ಪುಟ ಕಾಣುವುದೂ ಇಲ್ಲ.

ಇಲ್ಲಿ ಒಂದು ಕಡೆ ಜನ ಎಡವುತ್ತಾರೆ. ಮನೆಯಲ್ಲಿ 192.168.1.50 ಅಂತ ಹಾಕಿ ರೂಢಿ. ಬೆಂಗಳೂರಿನ ಪಿಜಿಯಿಂದಲೂ ಮಗ ಅದನ್ನೇ ಹಾಕುತ್ತಾನೆ. ಆ ಪಿಜಿಯ ವೈಫೈಯಲ್ಲೂ ನಂಬರ್‌ಗಳು 192.168.1ರಿಂದಲೇ ಶುರು. ಯಾರದೋ ಪ್ರಿಂಟರ್ ತೆರೆದುಕೊಳ್ಳಬಹುದು, ಇಲ್ಲಾ ಏನೂ ಬರುವುದಿಲ್ಲ. ಟೇಲ್‌ಸ್ಕೇಲ್ ತಾನೇ ಪೆಟ್ಟಿಗೆಗೆ 100ರಿಂದ ಶುರುವಾಗುವ ಒಂದು ನಂಬರ್ ಕೊಡುತ್ತದೆ. ಎಲ್ಲಿಂದಲೇ ಆಗಲಿ, ಅದನ್ನೇ ಹಾಕಬೇಕು. ಪರೀಕ್ಷೆ ಮಾಡುವಾಗ ಮನೆಯಲ್ಲೇ ಕೂತು ಮೊಬೈಲ್‌ನ ವೈಫೈ ಆಫ್ ಮಾಡಿ, ಡೇಟಾ ಆನ್ ಮಾಡಿ ನೋಡಿ. ಆಗ ಬಂದರೆ ನಿಜಕ್ಕೂ ಹೊರಗಿನಿಂದ ಬಂದ ಹಾಗೆ.

ಹೊರಗಿನಿಂದ ನಾಸ್ ನೋಡಲು ಸಿನಾಲಜಿಯೇ ಕೊಡುವ ಕ್ವಿಕ್‌ಕನೆಕ್ಟ್ ಇನ್ನೂ ಸುಲಭ, ನಿಜ. ವಯಸ್ಸಾದವರಿಗೆ ಅಪರೂಪಕ್ಕೊಮ್ಮೆ ಫೋಟೊ ನೋಡಲು ಪರವಾಗಿಲ್ಲ. ಆದರೆ ಅದರ ಐಡಿ ಗೊತ್ತಿರುವವರಿಗೆ ಲಾಗಿನ್ ಪುಟ ಸಿಗುತ್ತದೆ. ಹಾಕುವುದಾದರೆ ಎರಡು ಹಂತದ ಲಾಗಿನ್ ಆನ್ ಮಾಡಿ, ಅಡ್ಮಿನ್ ಅನ್ನೋ ಹೆಸರಿನ ಅಕೌಂಟ್ ಬಂದ್ ಮಾಡಿ. ಯಾವ ದಾರಿ ಹಿಡಿದರೂ ರೌಟರ್‌ನಲ್ಲಿ ಯುಪಿಎನ್‌ಪಿ ಆಫ್ ಮಾಡಿ. ಅದು ಆನ್ ಇದ್ದರೆ ಒಳಗಿನ ಸಾಧನಗಳು ನಿಮ್ಮನ್ನು ಕೇಳದೆಯೇ ಪೋರ್ಟ್ ತೆರೆಸಬಹುದು.

ವೇಗದ ವಿಷಯವನ್ನು ಸ್ಟುಡಿಯೊದವರಿಗೆ ಮೊದಲೇ ಹೇಳಿಬಿಡುತ್ತೇನೆ. ಹೊರಗಿರುವವರ ಡೌನ್‌ಲೋಡ್ ಅಂದರೆ ನಿಮ್ಮ ಮನೆಯ ಅಪ್‌ಲೋಡ್. ಅಪ್‌ಲೋಡ್ 20 ಎಂಬಿಪಿಎಸ್ ಇದ್ದರೆ 50 ಜಿಬಿಯ ಒಂದು ಮದುವೆ ವಿಡಿಯೊ ಹೋಗಲು ಐದೂವರೆ ಗಂಟೆ ಬೇಕು, ಅದೂ ಎಲ್ಲ ಸರಿಯಿದ್ದರೆ. 100 ಎಂಬಿಪಿಎಸ್ ಇದ್ದರೆ ಒಂದು ಗಂಟೆ ಚಿಲ್ಲರೆ. ಗ್ರಾಹಕರಿಗೆ ಆಲ್ಬಂ ತೋರಿಸಬೇಕಾದರೆ ಆರಿಸಿದ ಫೋಟೊಗಳನ್ನಷ್ಟೇ ಕ್ಲೌಡ್‌ಗೆ ಹಾಕಿ ಲಿಂಕ್ ಕೊಡಿ. ಗ್ರಾಹಕರನ್ನು ನಿಮ್ಮ ಸುರಂಗದೊಳಗೆ ಸೇರಿಸಬೇಡಿ.

ನಮ್ಮ ಊರಿನ ಬೇಸಿಗೆಯಲ್ಲಿ 42-43 ಡಿಗ್ರಿ ಹೊಸದಲ್ಲ. ಪೆಟ್ಟಿಗೆಯನ್ನು ಅಟ್ಟದ ಮೇಲೆ, ಬಾಗಿಲು ಹಾಕಿದ ಅಲ್ಮಾರಿಯಲ್ಲಿ ಇಡಬೇಡಿ. ಯುಪಿಎಸ್‌ಗೆ ಪೆಟ್ಟಿಗೆಯ ಜೊತೆ ರೌಟರನ್ನೂ ಫೈಬರ್ ಡಬ್ಬಿಯನ್ನೂ ಜೋಡಿಸಿ, ಇಲ್ಲದಿದ್ದರೆ ಕರೆಂಟ್ ಹೋದಾಗ ಪೆಟ್ಟಿಗೆ ನಡೆಯುತ್ತಿದ್ದರೂ ಹೊರಗಿನಿಂದ ಸಿಗುವುದಿಲ್ಲ. ಯುಪಿಎಸ್‌ನ ಯುಎಸ್‌ಬಿ ತಂತಿಯನ್ನು ಪೆಟ್ಟಿಗೆಗೆ ಹಾಕಿದರೆ ಬ್ಯಾಟರಿ ಮುಗಿಯುವ ಮೊದಲು ಅದು ತಾನೇ ಸರಿಯಾಗಿ ಬಂದ್ ಆಗುತ್ತದೆ. ಕರೆಂಟ್ ಬಂದಮೇಲೆ ತಾನೇ ಶುರುವಾಗುವ ಸೆಟ್ಟಿಂಗ್ ಕೂಡ ಇರುತ್ತದೆ. ಅದನ್ನು ಆನ್ ಮಾಡದೆ ಊರಿಗೆ ಹೋದರೆ ಅಕ್ಕಪಕ್ಕದವರಿಗೆ ಫೋನ್ ಮಾಡಿ ಬಟನ್ ಒತ್ತಿಸಬೇಕಾಗುತ್ತದೆ.

ಕೊನೆಗೆ ಒಂದು ಸಣ್ಣ ಸೆಟ್ಟಿಂಗ್. ಟೇಲ್‌ಸ್ಕೇಲ್‌ನಲ್ಲಿ ಪ್ರತಿ ಸಾಧನದ ಕೀಲಿಗೆ, ನೀವು ಬದಲಿಸದಿದ್ದರೆ, 180 ದಿನದ ಅವಧಿ ಇರುತ್ತದೆ. ಅದು ಮುಗಿದ ದಿನ ಪೆಟ್ಟಿಗೆ ಹೊರಗಿನವರಿಗೆ ಕಾಣುವುದು ನಿಲ್ಲುತ್ತದೆ, ಮನೆಯಲ್ಲಿರುವವರಿಗೆ ಮಾತ್ರ ಎಲ್ಲ ಸರಿಯಾಗೇ ಕಾಣುತ್ತದೆ. ಹಾಕಿದ ದಿನವೇ ಟೇಲ್‌ಸ್ಕೇಲ್ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ, ಸಾಧನಗಳ ಪಟ್ಟಿಯಲ್ಲಿ ಪೆಟ್ಟಿಗೆಯ ಹೆಸರಿನ ಮುಂದಿರುವ ಮೂರು ಚುಕ್ಕೆ ಒತ್ತಿ, ಕೀಲಿಯ ಅವಧಿಯನ್ನು ಪೆಟ್ಟಿಗೆಗೆ ಮಾತ್ರ ತೆಗೆದುಹಾಕಿ. ಮೊಬೈಲ್‌ಗಳಿಗೆ ಅವಧಿ ಹಾಗೇ ಇರಲಿ. ಮೊಬೈಲ್ ಕಳೆದರೆ ಅದೇ ಪಟ್ಟಿಯಿಂದ ಅದನ್ನು ತಕ್ಷಣ ತೆಗೆಯಬಹುದು.