ಹಿತ್ತಲ ಕೊಳದ ಕಪ್ಪೆಗಳಿಗೆ ಚಳಿಗಾಲದ ತಯಾರಿ

ಅಕ್ಟೋಬರ್ ಬಂತೆಂದರೆ ನನಗೆ ಬರುವ ಫೋನುಗಳ ಧಾಟಿಯೇ ಬದಲಾಗುತ್ತದೆ. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ಕಡೆ ಹಿತ್ತಲಲ್ಲಿ ಪುಟ್ಟ ಕೊಳ ಇಟ್ಟುಕೊಂಡವರಲ್ಲಿ ಕನ್ನಡದವರೂ ಇದ್ದಾರೆ. "ಪಾಪ, ಕಪ್ಪೆಗಳು ಚಳಿಗೆ ಸಾಯುತ್ತವಲ್ಲ, ಬಕೆಟ್ಟಿನಲ್ಲಿ ಹಾಕಿ ಬೇಸ್‌ಮೆಂಟಿಗೆ ತರಲಾ?" ಅಂತ ಕೇಳುತ್ತಾರೆ. ದಯವಿಟ್ಟು ಬೇಡ. ಬೆಚ್ಚಗಾದರೆ ಕಪ್ಪೆಯ ಮೈ ಚುರುಕಾಗಿ, ಚಳಿಗಾಲಕ್ಕೆಂದು ಕೂಡಿಟ್ಟ ಕೊಬ್ಬೆಲ್ಲ ಬೇಗ ಖರ್ಚಾಗುತ್ತದೆ. ಆಮೇಲೆ ತಿನ್ನಲು ಹುಳ ಎಲ್ಲಿಂದ ತರುತ್ತೀರಿ?

ಹಿತ್ತಲ ಕೊಳದಲ್ಲಿ ಕಪ್ಪೆ ಸಾಯುವುದು ಹೆಚ್ಚಾಗಿ ಉಸಿರು ಕಟ್ಟಿ. ಇಲ್ಲಿನ ಗ್ರೀನ್ ಫ್ರಾಗ್, ಬುಲ್‌ಫ್ರಾಗ್‌ಗಳು ಚಳಿಗಾಲವನ್ನು ನೀರಿನ ತಳದಲ್ಲೇ ಕಳೆಯುತ್ತವೆ. ಆಮೆಗಳ ಥರ ಕೆಸರಿನಲ್ಲಿ ಪೂರ್ತಿ ಹೂತುಕೊಳ್ಳುವುದಿಲ್ಲ. ಹೂಳಿನ ಮೇಲೆ ಸುಮ್ನೆ ಕೂತು, ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಚರ್ಮದಿಂದಲೇ ಎಳೆದುಕೊಳ್ಳುತ್ತವೆ. ನೀರು ಅತಿ ಭಾರವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ಮೇಲೆ ಮಂಜುಗಡ್ಡೆ ಕಟ್ಟಿದ್ದರೂ ತಳದ ನೀರು ಅದರ ಆಸುಪಾಸಿನಲ್ಲೇ ಇರುತ್ತದೆ. ಎಲ್ಲಾದರೂ ಒಂದು ಕಡೆ ಎರಡೂವರೆ, ಮೂರು ಅಡಿ ಆಳ ಇದ್ದರೆ ಚಳಿಯ ಚಿಂತೆ ಬಿಡಿ.

ಯೋಚಿಸಬೇಕಾದ್ದು ಆ ಗಡ್ಡೆಯ ಬಗ್ಗೆ. ಅದು ವಾರಗಟ್ಟಲೆ ಕೂತರೆ ಗಾಳಿ ಒಳಗೆ ಹೋಗುವುದಿಲ್ಲ. ಮೇಲೆ ಹಿಮ ಬಿದ್ದರೆ ಬೆಳಕೂ ಇಲ್ಲ, ನೀರೊಳಗಿನ ಗಿಡಗಳಿಂದ ಆಮ್ಲಜನಕವೂ ಇಲ್ಲ. ಅತ್ತ ತಳದಲ್ಲಿ ಕೊಳೆಯುವ ಎಲೆ ಇದ್ದಬದ್ದ ಆಮ್ಲಜನಕವನ್ನು ಮುಗಿಸಿ, ಹೈಡ್ರೋಜನ್ ಸಲ್ಫೈಡ್ ಬಿಡಲು ಶುರುಮಾಡುತ್ತದೆ. ಮಾರ್ಚಿನಲ್ಲಿ ಸತ್ತು ತೇಲುವ ಕಪ್ಪೆಗಳನ್ನು ನೋಡಿ, ಪಕ್ಕದ ಮನೆಯವರು ಲಾನಿಗೆ ಹೊಡೆದ ಔಷಧಿ ಇರಬೇಕು ಅಂತ ಜನ ಅನುಮಾನ ಪಡುತ್ತಾರೆ. ನಾನು ಮೊದಲು ಕೋಲು ಹಾಕಿ ತಳ ಕಲಕುತ್ತೇನೆ. ಕಪ್ಪು ಹೂಳು ಎದ್ದು ಕೊಳೆತ ಮೊಟ್ಟೆಯ ನಾತ ಬಂದರೆ ಪಕ್ಕದ ಮನೆಯವರು ಬಚಾವ್.

ಆದ್ದರಿಂದ ಎಲೆ ಉದುರುವ ಮುಂಚೆಯೇ ಕೊಳದ ಮೇಲೆ ಬಲೆ ಕಟ್ಟಿ. ಕಪ್ಪೆ ಓಡಾಡಲು ಅಂಚಿನಲ್ಲಿ ಸಂದು ಬಿಡಿ. ಕ್ಲೀನ್ ಮಾಡುವ ಹುರುಪಿನಲ್ಲಿ ನೀರು ಖಾಲಿ ಮಾಡಬೇಡಿ. ಈ ಕಡೆ ಬುಲ್‌ಫ್ರಾಗಿನ ಗೊದಮೊಟ್ಟೆ ಒಂದೆರಡು ಚಳಿಗಾಲ ನೀರಲ್ಲೇ ಕಳೆದು ಆಮೇಲೆ ಕಪ್ಪೆಯಾಗುತ್ತದೆ. ಗಡ್ಡೆಯಲ್ಲಿ ಒಂದು ಕಿಂಡಿ ತೆರೆದಿರಲು ತೇಲುವ ಡೀ-ಐಸರ್ (ಗಡ್ಡೆ ಕಟ್ಟದಂತೆ ತಡೆಯುವ ಪುಟ್ಟ ಹೀಟರ್) ಅಥವಾ ಗಾಳಿ ಪಂಪ್ ಸಾಕು. ಪಂಪಿನ ತುದಿಯಲ್ಲಿ ಗುಳ್ಳೆ ಬಿಡುವ ಗಾಳಿಕಲ್ಲನ್ನು ಮಾತ್ರ ಕೊಳದ ತಳಕ್ಕೆ ಬಿಡಬೇಡಿ, ಅರ್ಧ ಆಳದಲ್ಲಿ ದಡದ ಹತ್ತಿರ ಇಡಿ. ಇಲ್ಲವಾದರೆ ತಳದ ನೀರು ಮೇಲಿನ ಕೊರೆಯುವ ನೀರಿನ ಜೊತೆ ಕಲಸಿಹೋಗುತ್ತದೆ. ಕಿಂಡಿ ಮುಚ್ಚಿಕೊಂಡರೆ ಸುತ್ತಿಗೆ ಎತ್ತಿಕೊಳ್ಳಬೇಡಿ. ಕುದಿನೀರಿನ ಪಾತ್ರೆಯನ್ನು ಗಡ್ಡೆಯ ಮೇಲಿಡಿ, ತಾನಾಗಿ ಕರಗುತ್ತದೆ.

ಬಾಚಿದ ಎಲೆಯನ್ನು ಚೀಲಕ್ಕೆ ತುಂಬಿ ರಸ್ತೆ ಬದಿಗೆ ಇಡುವುದೂ ಬೇಡ. ಪೊದೆಗಳ ಬುಡಕ್ಕೆ ಹಾಕಿ. ಅಲ್ಲಿ ವುಡ್ ಫ್ರಾಗ್ ಇರುತ್ತದೆ. ಜನವರಿಯಲ್ಲಿ ತರಗೆಲೆ ಸರಿಸಿದಾಗ ಅದು ಕೈಗೆ ಸಿಕ್ಕರೆ ಕಲ್ಲು ಹಿಡಿದ ಹಾಗಿರುತ್ತದೆ. ಕಣ್ಣು ಬೆಳ್ಳಗೆ, ಉಸಿರಿಲ್ಲ, ಎದೆಬಡಿತವೂ ಇಲ್ಲ. ಮೈಯೊಳಗಿನ ಅರ್ಧಕ್ಕಿಂತ ಜಾಸ್ತಿ ನೀರು ಗಡ್ಡೆಯಾಗಿರಬಹುದು. ಆದರೆ ಗಡ್ಡೆ ಕಟ್ಟುವುದು ಜೀವಕೋಶಗಳ ಹೊರಗೆ. ಗಡ್ಡೆ ಕಟ್ಟಲು ಶುರುವಾದ ಕೂಡಲೇ ಲಿವರ್ ರಕ್ತಕ್ಕೆ ಗ್ಲೂಕೋಸ್ ಸುರಿಯುತ್ತದೆ. ಜೀವಕೋಶಗಳು ಒಣಗಿ ಮುದುಡದಂತೆ ಕಾಯುವುದು ಈ ಸಕ್ಕರೆ. ಬಿಸಿಲು ಏರಿ ಮೈ ಕರಗಿದಾಗ ಎದೆ ಮತ್ತೆ ಬಡಿಯುತ್ತದೆ. ನಮ್ಮೂರಿನ ಗೋಂಕುರು ಕಪ್ಪೆ ಬೇಸಿಗೆಯಲ್ಲಿ ಮಣ್ಣೊಳಗೆ ಅಡಗಿ ಮಳೆಗೆ ಎದ್ದು ಬರುವುದೇ ಒಂದು ಸೋಜಿಗ, ಇದು ಅದಕ್ಕಿಂತ ಒಂದು ಕೈ ಮೇಲು ಅಲ್ವಾ? ಸತ್ತಿದೆ ಅಂತ ಕಸದ ಬುಟ್ಟಿಗೆ ಎಸೆಯದೆ, ಇದ್ದಲ್ಲೇ ಇಟ್ಟು ಎಲೆ ಮುಚ್ಚಿ. ಆ ಮೂಲೆಗೆ ಲೀಫ್ ಬ್ಲೋವರ್ ಒಯ್ಯಬೇಡಿ.

ಈಜುಕೊಳದ ಕಥೆ ಬೇರೆ. ಅದು ಕಪ್ಪೆಗೆ ಮನೆಯಲ್ಲ, ಬರೀ ಬೋನು. ಅಂಚು ನೇರ, ಗೋಡೆ ನುಣುಪು, ಹತ್ತಿ ಬರಲಾಗದೆ ಸುಸ್ತಾಗಿ ಮುಳುಗುತ್ತದೆ. ವನ್ಯಜೀವಿ ತಜ್ಞ ರಿಚ್ ಮೇಸನ್ ಇದಕ್ಕೆಂದೇ 'ಫ್ರಾಗ್‌ಲಾಗ್' ಎಂಬ ತೇಲುವ ಇಳಿಜಾರು ಮಾಡಿದರು. ದಡದಿಂದ ನೀರಿಗೆ ಇಳಿಬಿಟ್ಟ ಒಂದು ಒರಟು ಹಲಗೆಯೂ ನಡೆಯುತ್ತದೆ. ಪೂಲಿಗೆ ಕವರ್ ಹಾಕುವ ದಿನ ತೇಲುವ ಕಸ ಹಿಡಿಯುವ ಸ್ಕಿಮ್ಮರ್ ಬುಟ್ಟಿಯನ್ನು ಕೈಯಾರೆ ತೆಗೆದು ನೋಡಿ. ಪೈಪಿನ ನೀರು ಗಡ್ಡೆ ಕಟ್ಟದಂತೆ ಆ್ಯಂಟಿಫ್ರೀಜ್ ಹಾಕುವುದಾದರೆ ಪ್ರೊಪಿಲೀನ್ ಗ್ಲೈಕಾಲಿನದ್ದೇ ಇರಲಿ. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ.

ಚಳಿಗಾಲ ಮುಗಿಯುವಾಗ ಕವರಿನ ಮೇಲೆ ಮಳೆನೀರು ನಿಂತಿರುತ್ತದೆ, ಕಪ್ಪೆಗಳು ಅಲ್ಲೇ ಮೊಟ್ಟೆ ಇಡುವುದುಂಟು. ಲೋಳೆಯ ಗೊಂಚಲು ಕಂಡರೆ ಪಂಪ್ ಹಾಕುವ ಮೊದಲು ಅದನ್ನು ನಿಮ್ಮದೇ ಹಿತ್ತಲಿನ ಕೊಳಕ್ಕೆ ಬಿಡಿ. ಕಾರಿನಲ್ಲಿಟ್ಟುಕೊಂಡು ದೂರದ ಕೆರೆಗೆ ಮಾತ್ರ ಒಯ್ಯಬೇಡಿ. ರಾನಾವೈರಸ್, ಕೈಟ್ರಿಡ್ ಶಿಲೀಂಧ್ರದಂಥ ರೋಗಗಳು ಅದೇ ನೀರಿನ ಜೊತೆ ಅಲ್ಲಿಗೂ ಹೋಗುತ್ತವೆ.