ಪ್ರತಿಭಟನೆ ಮಾಡಿ, ಆದರೆ ಅಲ್ಲಿ ಮಾತ್ರ

ಪ್ರತಿಭಟಿಸುವ ಹಕ್ಕು ಇದೆಯೋ ಇಲ್ಲವೋ ಎಂಬ ಜಗಳ ಈಗಿಲ್ಲ. ಇದೆ ಅಂತಲೇ ಎಲ್ಲರೂ ಹೇಳುತ್ತಾರೆ. ತಕರಾರು ಇರುವುದು ಎಲ್ಲಿ, ಎಷ್ಟು ಹೊತ್ತು, ಯಾರ ಅನುಮತಿ ಪಡೆದು ಎಂಬುದರ ಬಗ್ಗೆ. ಈ ವಿಷಯದಲ್ಲಿ ಕೋರ್ಟ್ ತೀರ್ಪುಗಳೇ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತವೆ. ಇದು ಇಷ್ಟು ಸಿಕ್ಕಾಗಿದ್ದು ಹೇಗೆ?

1949ರ ನವೆಂಬರ್ 25ರಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಮಾತನಾಡಿದರು. ಸಂವಿಧಾನದ ದಾರಿ ತೆರೆದಿರುವಾಗ ಅಸಹಕಾರ, ಸತ್ಯಾಗ್ರಹಗಳನ್ನು ಬಿಡಬೇಕು, ಅವು ಅರಾಜಕತೆಯ ವ್ಯಾಕರಣ ಎಂದರು. ಚಳವಳಿ ಬೇಡ ಎನ್ನುವವರು ಈ ಮಾತನ್ನು ಆಗಾಗ ನೆನಪಿಸುತ್ತಾರೆ. ಅದೇ ಭಾಷಣದ ಇನ್ನೊಂದು ಎಚ್ಚರಿಕೆ ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಅಸಮಾನತೆಯನ್ನು ಬೇಗ ಹೋಗಲಾಡಿಸದಿದ್ದರೆ, ಅದರಿಂದ ನರಳುವವರು ಈ ಪ್ರಜಾಪ್ರಭುತ್ವವನ್ನೇ ಕೆಡವಿಹಾಕುತ್ತಾರೆ ಎಂದಿದ್ದರು. ಇದೇ ಅಂಬೇಡ್ಕರ್ 1927ರಲ್ಲಿ ದಲಿತರನ್ನು ಕರೆದುಕೊಂಡು ಹೋಗಿ, ಅವರನ್ನು ದೂರ ಇಟ್ಟಿದ್ದ ಮಹಾಡ್ ಕೆರೆಯ ನೀರು ಕುಡಿದವರು. ಆ ಕೆರೆ ಎಲ್ಲರಿಗೂ ಮುಕ್ತ ಎಂದು ಪುರಸಭೆ ಮೊದಲೇ ನಿರ್ಣಯ ಮಾಡಿತ್ತು. ಕಾಗದದಲ್ಲಿದ್ದ ಹಕ್ಕನ್ನು ಬಳಸೋಕೂ ಮೆರವಣಿಗೆ ಬೇಕಾಯಿತು.

ಸಂವಿಧಾನದ 19ನೇ ವಿಧಿ ಶಾಂತಿಯಿಂದ, ಆಯುಧವಿಲ್ಲದೆ ಸೇರುವ ಹಕ್ಕು ಕೊಟ್ಟಿತು. ಸಾರ್ವಜನಿಕ ಸುವ್ಯವಸ್ಥೆಗಾಗಿ ಸಮಂಜಸ ನಿರ್ಬಂಧ ಹಾಕಬಹುದು ಎಂದೂ ಸೇರಿಸಿತು. ಭಾಷಾವಾರು ಪ್ರಾಂತ್ಯಗಳಿಂದ ಹಿಡಿದು ನರಗುಂದ, ಗೋಕಾಕ್ ಚಳವಳಿಗಳವರೆಗೆ ಬೀದಿಗಿಳಿದ ಜನ ಸರ್ಕಾರಗಳ ಲೆಕ್ಕಾಚಾರ ಬದಲಿಸಿದರು. 1972ರಲ್ಲಿ ಅಹಮದಾಬಾದ್‌ನ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿಯೇ ಹೇಳಿತು: ಸಭೆಗಳನ್ನು ನಿಯಂತ್ರಿಸಬಹುದು, ಆದರೆ ಎಲ್ಲ ಬೀದಿ, ಎಲ್ಲ ಸಾರ್ವಜನಿಕ ಜಾಗಗಳಿಂದ ಹೊರಗಿಡುವಂತಿಲ್ಲ.

ಜಾಗ ಕಿರಿದಾಗಿದ್ದು ಆಮೇಲೆ. 1988ರಲ್ಲಿ ರೈತ ನಾಯಕ ಮಹೇಂದ್ರ ಸಿಂಗ್ ಟಿಕಾಯತ್ ಜೊತೆ ಬಂದ ಲಕ್ಷಾಂತರ ರೈತರು ದೆಹಲಿಯ ಬೋಟ್ ಕ್ಲಬ್ ಮೈದಾನದಲ್ಲಿ ಎತ್ತಿನಗಾಡಿ, ಟ್ರ್ಯಾಕ್ಟರ್ ಸಮೇತ ಬಿಡಾರ ಹೂಡಿದರು. ಸಂಸತ್ತು ಕೂಗಳತೆಯಲ್ಲಿತ್ತು. ಕೆಲವು ವರ್ಷಗಳಲ್ಲಿ ಆ ಮೈದಾನ ಪ್ರತಿಭಟನೆಗೆ ಮುಚ್ಚಿತು, ಜನ ಜಂತರ್ ಮಂತರ್‌ಗೆ ಸರಿದರು. 2017ರಲ್ಲಿ ಶಬ್ದಮಾಲಿನ್ಯದ ಕಾರಣಕ್ಕೆ ಅಲ್ಲಿಯೂ ತಡೆ ಬಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಪೂರ್ತಿ ನಿಷೇಧ ಸರಿಯಲ್ಲ ಎಂದು, ಬೋಟ್ ಕ್ಲಬ್, ಜಂತರ್ ಮಂತರ್ ಎರಡಕ್ಕೂ ನಿಯಮ ರೂಪಿಸಲು ಪೊಲೀಸರಿಗೆ ಹೇಳಿತು. 2020ರ ಅಕ್ಟೋಬರ್‌ನಲ್ಲಿ, ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ದೆಹಲಿಯ ರಸ್ತೆಯಲ್ಲಿ ನಡೆದ ಶಾಹೀನ್ ಬಾಗ್ ಧರಣಿಯ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂತು: ಪ್ರತಿಭಟನೆ ಗೊತ್ತುಪಡಿಸಿದ ಜಾಗದಲ್ಲಿ ಮಾತ್ರ. ಮರು ತಿಂಗಳೇ ದೆಹಲಿಗೆ ಹೊರಟ ರೈತರಿಗೆ ಬುರಾಡಿ ಮೈದಾನ ತೋರಿಸಲಾಯಿತು. ಹೆಚ್ಚಿನವರು ಒಲ್ಲೆ ಎಂದು ಗಡಿಯಲ್ಲೇ ಕೂತರು. ವರ್ಷದ ನಂತರ ಕೃಷಿ ಕಾಯ್ದೆಗಳು ವಾಪಸ್ಸಾದವು. ಮೈದಾನಕ್ಕೆ ಹೋಗಿದ್ದರೆ ಹೀಗಾಗುತ್ತಿತ್ತೇ?

ಬೆಂಗಳೂರಿನಲ್ಲಿ ಗೊತ್ತುಪಡಿಸಿದ ಜಾಗ ಫ್ರೀಡಂ ಪಾರ್ಕ್. ಮೊದಲು ಅದು ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅಲ್ಲಿ ಬಂಧಿಯಾಗಿದ್ದರು. ಹಳೆಯ ಕಾವಲು ಗೋಪುರ ಈಗಲೂ ನಿಂತಿದೆ. ಟೌನ್ ಹಾಲ್ ಮೆಟ್ಟಿಲು, ಮೈಸೂರು ಬ್ಯಾಂಕ್ ಸರ್ಕಲ್‌ಗಳಲ್ಲಿ ಸೇರುತ್ತಿದ್ದವರಿಗೆ 2021ರ ಆದೇಶದ ನಂತರ ಇದೊಂದೇ ವಿಳಾಸ. ಹಿಂದೆ ಸಂಚಾರ ಸ್ಥಗಿತದ ದೂರು ಇತ್ತು. ಅದು ಸುಳ್ಳೂ ಅಲ್ಲ, ಆಂಬುಲೆನ್ಸ್ ಸಿಕ್ಕಿಹಾಕಿಕೊಂಡರೆ ಜೀವ ಹೋಗುತ್ತದೆ. ಆದರೆ ಈಗ ಮೊದಲು ಅರ್ಜಿ: ಎಷ್ಟು ಜನ, ಎಷ್ಟು ಹೊತ್ತು, ಮೈಕ್ ಇದೆಯೇ, ಹೊಣೆ ಯಾರದು. ಆಮೇಲೆ ಭಾಷಣ, ಘೋಷಣೆ, ಸಂಜೆಗೆ ಮನವಿ ಪತ್ರ ಪಡೆಯಲು ಅಧಿಕಾರಿಯೊಬ್ಬರು. ಸುಮ್ನೆ ಬಂದು ಹೋದ ಹಾಗಾಗುತ್ತದೆ, ಅಲ್ವಾ? ಪ್ರತಿಭಟನೆಯ ಬಲ ಇರುವುದೇ ಅಧಿಕಾರದಲ್ಲಿರುವವರಿಗೆ ಅದು ಕಣ್ಣಿಗೆ ಬೀಳುವುದರಲ್ಲಿ.

ಇಲ್ಲಿ ಗೆಲುವೇ ಇಲ್ಲ ಅಂತಲ್ಲ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಇದೇ ಪಾರ್ಕ್‌ನಲ್ಲಿ ಚಳಿಯಲ್ಲಿ ರಾತ್ರಿ ಕಳೆದರು, ಗೌರವಧನದ ಬಗ್ಗೆ ಸರ್ಕಾರದಿಂದ ಭರವಸೆ ಪಡೆದೇ ಎದ್ದರು. ಸಾವಿರಾರು ಜನ, ಹಗಲಿರುಳು ಕೂತಿದ್ದಕ್ಕೆ ಅದಾಯಿತು. ಐವತ್ತು ಜನರ ಗುಂಪಿಗೆ ಆ ಶಕ್ತಿ ಎಲ್ಲಿಂದ ಬರಬೇಕು?

1972ರ ತೀರ್ಪು ಐವರು ನ್ಯಾಯಮೂರ್ತಿಗಳ ಪೀಠದ್ದು, 2020ರದ್ದು ಮೂವರ ಪೀಠದ್ದು. ಎರಡೂ ಇಂದಿಗೂ ಇವೆ. ಎಲ್ಲ ಬೀದಿಗಳಿಂದ ಹೊರಗಿಡುವಂತಿಲ್ಲ ಎಂದು ಒಂದು, ಗೊತ್ತುಪಡಿಸಿದ ಜಾಗ ಮಾತ್ರ ಎಂದು ಇನ್ನೊಂದು. ಇವುಗಳ ನಡುವಿನ ಗೆರೆಯನ್ನು ಸದ್ಯಕ್ಕೆ ಆಯಾ ಊರಿನ ಪೊಲೀಸರೇ ಎಳೆಯುತ್ತಿದ್ದಾರೆ.