ಪೆಡಲ್ ಸವೆದಿದೆಯೋ, ಕೊಳೆ ತುಂಬಿದೆಯೋ: ಸಿಮ್ ರೇಸಿಂಗ್ ಸೆಟ್ ರಿಪೇರಿ ಟಿಪ್ಪಣಿ

ಕಲಬುರಗಿಯಲ್ಲಿ ನಮ್ಮ ಓಣಿಯ ಹಿಂದೆಯೇ ಒಂದು ದಾಲ್ ಮಿಲ್ ಇದೆ. ತೊಗರಿ ಬರುವ ಕಾಲಕ್ಕೆ ಕಿಟಕಿ ಮುಚ್ಚಿದರೂ ಹೊಟ್ಟಿನ ಸಣ್ಣ ಧೂಳು ಮನೆಯೊಳಗೆ ಬಂದೇ ಬರುತ್ತದೆ. ಕಂಪ್ಯೂಟರ್‌ನಲ್ಲಿ ಕಾರ್ ರೇಸ್ ಆಟ (ಸಿಮ್ ರೇಸಿಂಗ್) ಆಡಲು ನಾಲ್ಕು ವರ್ಷ ಬಳಸಿದ ನನ್ನ ವೀಲ್ ಮತ್ತು ಪೆಡಲ್ ಸೆಟ್ ಈ ವರ್ಷ ಕೈಕೊಟ್ಟಿತು. ನೇರ ಟ್ರ್ಯಾಕ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದ್ದರೂ ಕಾರು ಮುಗ್ಗರಿಸುತ್ತಿತ್ತು. ಬ್ರೇಕ್ ಮುಟ್ಟದಿದ್ದರೂ ಹಿಡಿದ ಹಾಗೆ ಆಗುತ್ತಿತ್ತು. ಹೊಸದು ಕೊಳ್ಳುವ ಮುಂಚೆ ಬಿಚ್ಚಿ ನೋಡಿದೆ. ಐಟಿಐ, ಡಿಪ್ಲೊಮಾ ಓದುತ್ತಿರುವವರಿಗೆ ವೋಲ್ಟೇಜ್ ಡಿವೈಡರ್ (ವೋಲ್ಟೇಜನ್ನು ಭಾಗ ಮಾಡಿ ಕೊಡುವ ಸರ್ಕ್ಯೂಟ್) ಪಾಠ ಇಷ್ಟು ಚೆನ್ನಾಗಿ ಬೇರೆಲ್ಲೂ ಸಿಗುವುದಿಲ್ಲ ಅನ್ನಿಸಿತು. ಅದಕ್ಕೇ ಬರೆದಿಡುತ್ತಿದ್ದೇನೆ.

ಸ್ಕ್ರೂ ಬಿಚ್ಚುವ ಮುಂಚೆ

ವಿಂಡೋಸ್‌ನಲ್ಲಿ ಗೇಮ್ ಕಂಟ್ರೋಲರ್ ಪರೀಕ್ಷೆಯ ಪುಟ ಇದೆ. ಅದನ್ನು ತೆರೆದು ಒಂದು ಪೆಡಲನ್ನು ತೀರಾ ನಿಧಾನವಾಗಿ ಒತ್ತಿ. ಪರದೆಯ ಮೇಲಿನ ಪಟ್ಟಿ ನಯವಾಗಿ ಏರಿದರೆ ಸೆನ್ಸರ್ ಸರಿಯಿದೆ. ಪ್ರತಿ ಸಲ ಒಂದೇ ಜಾಗದಲ್ಲಿ ಕುಣಿದರೆ ಸೆನ್ಸರ್ ಒಳಗೆ ಅದೇ ಜಾಗದಲ್ಲಿ ಕೊಳೆ ಅಥವಾ ಸವೆತ ಇದೆ. ಪೆಡಲ್ ಬಿಟ್ಟು ಬರೀ ಕೇಬಲ್ ಅಲ್ಲಾಡಿಸಿದಾಗ ಕುಣಿದರೆ ಒಳಗೆ ವೈರ್ ತುಂಡಾಗಿದೆ. ಈ ಐದು ನಿಮಿಷದ ಕೆಲಸ ಬಿಟ್ಟು ಸುಮ್ನೆ ಬಿಚ್ಚಲು ಕೂರಬೇಡಿ. ಬಿಚ್ಚಿದ ಮೇಲೆ ಯಾವ ದೋಷ ಮೊದಲೇ ಇತ್ತು, ಯಾವುದು ನಮ್ಮ ಕೈಯಿಂದ ಆಯಿತು ಅಂತ ಗೊತ್ತಾಗುವುದಿಲ್ಲ.

ಒಳಗೆ ಇರುವುದು ಒಂದು ವಾಲ್ಯೂಮ್

ಕಡಿಮೆ ಬೆಲೆಯ ಬಹಳಷ್ಟು ಪೆಡಲ್‌ಗಳಲ್ಲಿ ಇರುವುದು ಪೊಟೆನ್ಷಿಯೊಮೀಟರ್. ರಿಪೇರಿ ಅಂಗಡಿಯಲ್ಲಿ ‘ವಾಲ್ಯೂಮ್’ ಅಂತ ಕೇಳಿ, ಕೂಡಲೇ ಕೊಡುತ್ತಾರೆ. ಕಮಾನಿನ ಆಕಾರದ ಕಾರ್ಬನ್ ಪಟ್ಟಿಯ ಎರಡು ತುದಿಗೆ ಎರಡು ಕಾಲು (ಪಿನ್). ಪಟ್ಟಿಯ ಮೇಲೆ ಉಜ್ಜುತ್ತಾ ಓಡಾಡುವ ವೈಪರ್‌ಗೆ ನಡುವಿನ ಕಾಲು. ಒಂದು ತುದಿಗೆ 5 ವೋಲ್ಟ್, ಇನ್ನೊಂದಕ್ಕೆ ಗ್ರೌಂಡ್ ಕೊಟ್ಟರೆ ವೈಪರ್ ನಿಂತ ಜಾಗಕ್ಕೆ ತಕ್ಕ ವೋಲ್ಟೇಜ್ ನಡುವಿನ ಕಾಲಿನಲ್ಲಿ ಸಿಗುತ್ತದೆ. ಪೆಡಲ್ ಎಷ್ಟು ದೂರ ಹೋಯಿತು ಅಂತ ಕಂಪ್ಯೂಟರ್‌ಗೆ ತಿಳಿಯುವುದು ಹೀಗೆ.

ವೈಪರ್ ಕೆಳಗೆ ಧೂಳು ಕೂತರೆ ಕ್ಷಣಕಾಲ ಸಂಪರ್ಕ ತಪ್ಪುತ್ತದೆ. ನನ್ನ ಕಾರು ಮುಗ್ಗರಿಸಿದ್ದು ಅದಕ್ಕೇ. ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಸಲ ಸಿಂಪಡಿಸಿ, ಪೆಡಲನ್ನು ಮೂವತ್ತು ನಲವತ್ತು ಸಲ ಒತ್ತಿ ಬಿಟ್ಟು, ಪೂರ್ತಿ ಒಣಗಿದ ಮೇಲೆ ಕೇಬಲ್ ಹಾಕಿ. ತುಕ್ಕು ಬಿಡಿಸುವ ಸ್ಪ್ರೇ ಬೇಡವೇ ಬೇಡ. ಅದು ಎಣ್ಣೆಯ ಪೊರೆ ಬಿಡುತ್ತದೆ, ಆ ಪೊರೆಗೆ ಮತ್ತೆ ಧೂಳು ಅಂಟುತ್ತದೆ.

ನನ್ನ ಆಕ್ಸಿಲರೇಟರ್ ಇಷ್ಟಕ್ಕೇ ಸರಿಹೋಯಿತು. ಬ್ರೇಕ್ ಆಗಲಿಲ್ಲ. ಮೀಟರ್ ಹಿಡಿದು ನೋಡಿದೆ. ತುದಿಯಿಂದ ತುದಿಗೆ 10 ಕಿಲೋ ಓಮ್ ಸರಿಯಾಗಿ ತೋರಿಸಿತು. ನಡುವಿನ ಕಾಲಿನಿಂದ ಒಂದು ತುದಿಗೆ ಅಳೆಯುತ್ತಾ ತಿರುಗಿಸಿದರೆ ಒಂದೇ ಕಡೆ ಸೊನ್ನೆಯೂ ಇಲ್ಲ, ಅಂಕಿಯೂ ಇಲ್ಲ, ಸಂಪರ್ಕವೇ ಕಡಿದ ಹಾಗೆ. ಇಂಥ ಪರೀಕ್ಷೆಗೆ ಮುಳ್ಳಿನ ಹಳೆಯ ಮೀಟರ್ ಒಳ್ಳೆಯದು. ಡಿಜಿಟಲ್ ಮೀಟರ್ ಅಂಕಿ ಬದಲಿಸುವಷ್ಟರಲ್ಲಿ ದೋಷ ದಾಟಿ ಹೋಗಿರುತ್ತದೆ, ಮುಳ್ಳು ಮಾತ್ರ ಬೆಚ್ಚಿ ಬೀಳುತ್ತದೆ.

ಹಳೆ ಆಂಪ್ಲಿಫೈಯರ್‌ನಿಂದ 10 ಕಿಲೋ ಓಮ್‌ನ ವಾಲ್ಯೂಮ್ ತೆಗೆದು ಬೆಸುಗೆ ಹಾಕಿದೆ. ಅರ್ಧ ಒತ್ತುವವರೆಗೆ ಬ್ರೇಕ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಆಮೇಲೆ ಒಮ್ಮೆಲೇ ಚಕ್ರ ಜಾಮ್. ಎರಡು ದಿನ ತಲೆ ಕೆಡಿಸಿಕೊಂಡು ಸೂಪರ್ ಮಾರ್ಕೆಟ್ ಕಡೆ ರೇಡಿಯೊ ರಿಪೇರಿ ಮಾಡುವ ಚಾಚಾ ಹತ್ತಿರ ಒಯ್ದೆ. ಅವರು ಅದನ್ನು ತಿರುಗಿಸಿ ನೋಡಿ ಹೇಳಿದರು: “ಇದರ ಮ್ಯಾಲ ‘ಎ’ ಅದ ನೋಡು ಬೇಟಾ. ಇದು ಆವಾಜಿಂದು. ನಿನಗ ‘ಬಿ’ ಬೇಕು.”

ಈ ಒಂದು ಅಕ್ಷರವೇ ನನಗೆ ದೊಡ್ಡ ಪಾಠ. ನಮ್ಮ ಕಿವಿ ಸದ್ದನ್ನು ಸಮ ಅಳತೆಯಲ್ಲಿ ಗ್ರಹಿಸುವುದಿಲ್ಲ. ಅದಕ್ಕಾಗಿ ಆಡಿಯೊ ವಾಲ್ಯೂಮ್ ಅರ್ಧ ತಿರುಗಿದಾಗ ರೆಸಿಸ್ಟೆನ್ಸ್ ಬರೀ 10ರಿಂದ 15 ಪರ್ಸೆಂಟ್ ಇರುವಂತೆ ಮಾಡಿರುತ್ತಾರೆ. ‘ಬಿ’ ಗುರುತಿನದು ಸಮವಾಗಿ ಏರುತ್ತದೆ, ಪೆಡಲ್‌ಗೆ ಅದೇ ಬೇಕು. ಬೆಸುಗೆ ಹಾಕುವಾಗ ತುದಿಯ ಎರಡು ವೈರ್ ಅದಲುಬದಲಾದರೆ ಪೆಡಲ್ ಉಲ್ಟಾ ಓದುತ್ತದೆ, ಬೇರೆ ತೊಂದರೆ ಇಲ್ಲ. ಆದರೆ 5 ವೋಲ್ಟ್ ವೈರ್ ನಡುವಿನ ಕಾಲಿಗೆ ಹೋದರೆ ವೈಪರ್ ಗ್ರೌಂಡ್ ತುದಿ ಮುಟ್ಟಿದಾಗ ನೇರ ಶಾರ್ಟ್. ಇದನ್ನು ಎರಡು ಸಲ ನೋಡಿಕೊಳ್ಳಿ. ನಡುವಿನ ಕಾಲಿಗೂ ಗ್ರೌಂಡಿಗೂ ಮಧ್ಯೆ 104 ಗುರುತಿನ, ಅಂದರೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಸಣ್ಣ ನಡುಕ ಕಡಿಮೆ ಆಗುತ್ತದೆ.

ಉಜ್ಜುವ ಭಾಗವೇ ಬೇಡ ಅನ್ನುವವರಿಗೆ ಹಾಲ್ ಸೆನ್ಸರ್ ಇದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮ ಅದು. ಪೆಡಲ್ ಜೊತೆ ಅಯಸ್ಕಾಂತ ಸರಿದಂತೆ ವೋಲ್ಟೇಜ್ ಬದಲಾಗುತ್ತದೆ, ಎಲ್ಲೂ ಒಂದಕ್ಕೊಂದು ತಾಗುವುದಿಲ್ಲ. ಧೂಳಿನ ಊರಿಗೆ ಹೇಳಿ ಮಾಡಿಸಿದ್ದು.

ವೀಲ್ ಬಗ್ಗೆ ಸ್ವಲ್ಪ

ಗೇರ್ ಇರುವ ವೀಲ್‌ಗಳಲ್ಲಿ ಮೋಟರ್ ತುದಿಗೆ ಸಣ್ಣ ಸೀಳುಗಳಿರುವ ಚಕ್ರ ಇರುತ್ತದೆ. ಬೆಳಕು ಆ ಸೀಳುಗಳಲ್ಲಿ ಹಾದುಹೋಗುವುದನ್ನು ಎಣಿಸಿ ವೀಲ್ ಎಷ್ಟು ತಿರುಗಿತು ಅಂತ ತಿಳಿಯುತ್ತಾರೆ. ಪ್ಲಾಸ್ಟಿಕ್ ಚಕ್ರ ಬಿರುಕು ಬಿಟ್ಟು ಶಾಫ್ಟ್ ಮೇಲೆ ಜಾರಿದರೆ ನಡುಬಿಂದು ಸರಿಯುತ್ತದೆ. ವೀಲನ್ನು ಎಡಕ್ಕೆ ಬಲಕ್ಕೆ ಜೋರಾಗಿ ನಾಲ್ಕೈದು ಸಲ ತಿರುಗಿಸಿ ನೇರ ಮಾಡಿ. ಪರದೆಯ ಮೇಲಿನ ವೀಲ್ ಓರೆ ನಿಂತರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಗೇರ್‌ಗೆ ಗಾಡಿ ಗ್ರೀಸ್ ಬೇಡ, ಪ್ಲಾಸ್ಟಿಕ್‌ಗೆ ಒಗ್ಗುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಹಿಡಿಕೆಯ ರೆಕ್ಸಿನ್ ಕಿತ್ತಿದ್ದರೆ ಆಟೊ ಸೀಟ್ ಕವರ್ ಹೊಲಿಯುವವರು ಚೆಂದ ಮಾಡಿಕೊಡುತ್ತಾರೆ.

ಬ್ರೇಕ್‌ಗೆ ಲೋಡ್ ಸೆಲ್

ದುಡ್ಡು ಒಂದೇ ಕಡೆ ಹಾಕುವುದಾದರೆ ಇಲ್ಲಿ ಹಾಕಿ. ನಿಜವಾದ ಕಾರಿನಲ್ಲಿ ಬ್ರೇಕ್ ಆಯಿಲ್ ಕುಗ್ಗುವುದಿಲ್ಲ. ಪೆಡಲ್ ಸ್ವಲ್ಪ ದೂರ ಹೋಗಿ ಗಟ್ಟಿಯಾಗುತ್ತದೆ. ಅಲ್ಲಿಂದಾಚೆ ಲೆಕ್ಕಕ್ಕೆ ಬರುವುದು ಕಾಲಿನ ಭಾರ. ಕಾಲಿಗೆ ಭಾರ ನೆನಪಿರುತ್ತದೆ, ದೂರ ಅಷ್ಟಾಗಿ ನೆನಪಿರುವುದಿಲ್ಲ. ಪೊಟೆನ್ಷಿಯೊಮೀಟರ್ ಅಳೆಯುವುದು ದೂರ, ಲೋಡ್ ಸೆಲ್ ಅಳೆಯುವುದು ಭಾರ.

ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇರುವುದೂ ಇದೇ. ಲೋಹದ ತುಂಡು ಭಾರಕ್ಕೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜ್‌ಗಳ ರೆಸಿಸ್ಟೆನ್ಸ್ ಬದಲಾಗುತ್ತದೆ. ನಾಲ್ಕು ಗೇಜ್ ಸೇರಿ ವೀಟ್‌ಸ್ಟೋನ್ ಬ್ರಿಡ್ಜ್, ಅಂದರೆ ರೆಸಿಸ್ಟೆನ್ಸ್‌ನ ಸಣ್ಣ ವ್ಯತ್ಯಾಸವನ್ನು ವೋಲ್ಟೇಜ್ ಆಗಿ ತೋರಿಸುವ ಜೋಡಣೆ. ಸಿಗುವ ಸಿಗ್ನಲ್ ತೀರಾ ಸಣ್ಣದು. ಒಂದು ವೋಲ್ಟ್‌ಗೆ 2 ಮಿಲಿವೋಲ್ಟ್ ಕೊಡುವ ಸೆಲ್‌ಗೆ 5 ವೋಲ್ಟ್ ಕೊಟ್ಟರೆ ಪೂರ್ತಿ ಭಾರಕ್ಕೆ 10 ಮಿಲಿವೋಲ್ಟ್. ಪೆಡಲ್ ಓದಿ ಕಂಪ್ಯೂಟರ್‌ಗೆ ತಿಳಿಸುವ ಪುಟ್ಟ ಬೋರ್ಡ್ ಆರ್ಡುಯಿನೊ ಲಿಯೊನಾರ್ಡೊ 5 ವೋಲ್ಟನ್ನು 1024 ಮೆಟ್ಟಿಲು ಮಾಡುತ್ತದೆ, ಒಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ಅಂದರೆ ಇಡೀ ಬ್ರೇಕ್‌ಗೆ ಎರಡೇ ಮೆಟ್ಟಿಲು! ಅದಕ್ಕೆ ನಡುವೆ ಎಚ್‌ಎಕ್ಸ್711 ಬೋರ್ಡ್ ಬೇಕು. ಅದು ಸಿಗ್ನಲ್ ಹಿಗ್ಗಿಸಿ 24 ಬಿಟ್‌ನಲ್ಲಿ, ಅಂದರೆ ಇನ್ನೂ ಬಹಳ ಸಣ್ಣ ಮೆಟ್ಟಿಲುಗಳಲ್ಲಿ, ಓದುತ್ತದೆ.

ಇಲ್ಲೊಂದು ಮರೆಯಬಾರದ ವಿಷಯ. ಈ ಚಿಪ್ ತಕ್ಕಡಿಗಾಗಿ ಮಾಡಿದ್ದು. ಬಹಳಷ್ಟು ಬೋರ್ಡ್‌ಗಳು ಸೆಕೆಂಡಿಗೆ 10 ಸಲ ಮಾತ್ರ ಓದುವಂತೆ ಬರುತ್ತವೆ. ಗಂಟೆಗೆ 200 ಕಿಲೋಮೀಟರ್ ವೇಗದ ಕಾರು 0.1 ಸೆಕೆಂಡಿನಲ್ಲಿ ಐದೂವರೆ ಮೀಟರ್ ಹೋಗಿಬಿಡುತ್ತದೆ. ತಿರುವಿನಲ್ಲಿ ಅಷ್ಟು ಸಾಕಲ್ವಾ ಹೊರಗೆ ಬೀಳಲು? ಚಿಪ್‌ನ ರೇಟ್ ಪಿನ್ ಅನ್ನು ಗ್ರೌಂಡ್‌ನಿಂದ ಬಿಡಿಸಿ ಸಪ್ಲೈಗೆ ಜೋಡಿಸಿದರೆ 80 ಸಲ ಓದುತ್ತದೆ. ಆಗ ಅದೇ ಕಾರು ಎರಡು ಓದಿನ ನಡುವೆ ಹೋಗುವುದು ಸುಮಾರು 70 ಸೆಂಟಿಮೀಟರ್.

ಬೋರ್ಡ್ ಆರಿಸುವಾಗ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ ತೆಗೆದುಕೊಳ್ಳಿ. ಅವು ಯುಎಸ್‌ಬಿಯಲ್ಲಿ ನೇರ ಗೇಮ್ ಕಂಟ್ರೋಲರ್ ಆಗಿ ಕಾಣಿಸಿಕೊಳ್ಳುತ್ತವೆ. ಕಾಲೇಜ್ ಲ್ಯಾಬ್‌ನಲ್ಲಿ ನಾವು ಬಳಸುವ ಯುನೊ ಹಾಗೆ ಸುಲಭವಾಗಿ ಕಾಣಿಸಿಕೊಳ್ಳುವುದಿಲ್ಲ. ಸೆಲ್‌ನ ಶಕ್ತಿಯನ್ನು ಪೆಡಲ್‌ನ ಸನ್ನೆಗೆ (ಲಿವರ್) ತಕ್ಕಂತೆ ಲೆಕ್ಕ ಹಾಕಿ. ಕಾಲು 30 ಕಿಲೋ ಒತ್ತಿ, ಸನ್ನೆ ಎರಡು ಪಟ್ಟು ಮಾಡಿದರೆ ಸೆಲ್ ಮೇಲೆ ಬೀಳುವುದು 60 ಕಿಲೋ. ಅದಕ್ಕಿಂತ ಜಾಸ್ತಿ ತಡೆಯುವುದನ್ನೇ ಹಾಕಿ, ಒಮ್ಮೆ ಬಾಗಿ ನಿಂತ ಸೆಲ್ ಮತ್ತೆ ಸರಿಯಾಗುವುದಿಲ್ಲ. ಪೆಡಲ್ ಮತ್ತು ಸೆಲ್ ನಡುವೆ ಬೈಕ್ ಶಾಕ್ ಅಬ್ಸಾರ್ಬರ್‌ನ ರಬ್ಬರ್ ಬುಷ್ ಎರಡು ಇಟ್ಟಿದ್ದೇನೆ. ಇಲ್ಲದಿದ್ದರೆ ಗೋಡೆ ಒದ್ದ ಹಾಗೆ ಇರುತ್ತದೆ.

ಭಾರ ಒತ್ತಲು ಶುರುಮಾಡಿದ ಮೇಲೆ ಪೆಡಲ್ ಸೆಟ್ ನೆಲದ ಮೇಲೆ ಜಾರತೊಡಗಿತು. ನಮ್ಮ ಮನೆಗೆ ಹಾಸಿದ್ದು ಶಹಾಬಾದ್ ಪರಸಿ, ಓಡಾಡಿ ಓಡಾಡಿ ನುಣುಪಾಗಿದೆ. ಮನೆ ಹಿಂದೆ ಉಳಿದಿದ್ದ ಅದೇ ಕಲ್ಲಿನ ಒಂದು ಚಪ್ಪಡಿಗೆ ತೂತು ಹಾಕಿಸಿ, ಪೆಡಲನ್ನು ಅದಕ್ಕೆ ಬೋಲ್ಟ್ ಮಾಡಿ, ಕೆಳಗೆ ಹಳೆ ಟ್ಯೂಬ್ ರಬ್ಬರ್ ಅಂಟಿಸಿದೆ. ಕಲ್ಲಿನ ಹಿಂಭಾಗವನ್ನು ಗೋಡೆಗೆ ತಾಗಿಸಿಟ್ಟೆ. ಈಗ ಕದಲುವುದಿಲ್ಲ.

ಕೊನೆಯ ಕೆಲಸ ಮಿತಿ ಕೂರಿಸುವುದು. ಒಮ್ಮೆ ಬಲ ಹಾಕಿ ಒತ್ತಿದ ಭಾರವನ್ನು 100 ಪರ್ಸೆಂಟ್ ಮಾಡಬೇಡಿ. ಅರ್ಧ ಗಂಟೆ ಆಡಿದ ಮೇಲೂ ಒತ್ತಲು ಆಗುವಷ್ಟನ್ನು ಮಾಡಿ. ನನ್ನದು 35 ಕಿಲೋಗೆ ನಿಲ್ಲಿಸಿದ್ದೇನೆ. ತಮ್ಮ ಆಡಲು ಕೂತಾಗ 20ಕ್ಕೆ ಇಳಿಸಿಕೊಡುತ್ತೇನೆ.